ಠೂ ಬಿಟ್ಟಿದ್ದನ್ನು ವಾಪಸ್ ತಗೊಳ್ಳೋಕೆ ಆಗುತ್ತಾ, ಅಮ್ಮ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ನಾಲ್ಕನೇ ತರಗತಿ. ನಾವು ಹಾಸನ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿದ್ದೇವೆ. ಒಂದನೇ ತರಗತಿಯಿಂದ ಅವನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ ಆಗಸ್ಟ್‌ನಲ್ಲಿ ಡೆಂಗಿ ಜ್ವರದಿಂದ ತೀರಿಹೋದ. ಸೋಮವಾರ ಜ್ವರ ಬಂತು, ಭಾನುವಾರ ಮಗು ಇಲ್ಲ. ಎರಡು ದಿನ ನಾವು ಮಗನಿಗೆ "ಅವನನ್ನ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ" ಎಂದೇ ಹೇಳಿದೆವು. ಮಣ್ಣಿಗೂ ಕರೆದುಕೊಂಡು ಹೋಗಲಿಲ್ಲ. ಮೂರನೇ ದಿನ ಶಾಲೆಯಲ್ಲಿ ಬೇರೆ ಮಕ್ಕಳ ಬಾಯಿಂದ ಗೊತ್ತಾಯಿತು. ಅಷ್ಟು ಹೊತ್ತಿಗೆ ಆ ಜಾಗದಲ್ಲಿ ಇನ್ನೊಬ್ಬ ಹುಡುಗನನ್ನು ಕೂರಿಸಿದ್ದರು.

ಈಗ ಏಳು ವಾರ ಆಗಿದೆ. ಚೆನ್ನಾಗಿ ಆಡುತ್ತಾನೆ, ನಗುತ್ತಾನೆ. ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತಾನೆ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ದಿನಕ್ಕೆ ಹತ್ತು ಸಲ ಹಣೆ ಮುಟ್ಟಿ ನೋಡಿಕೊಳ್ಳುತ್ತಾನೆ. ಅಪ್ಪ ಕೆಲಸಕ್ಕೆ ಹೊರಟರೆ ಬಿಡುವುದಿಲ್ಲ. ಒಂದು ಟೆನಿಸ್ ಬಾಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ. ಅದು ಆ ಗೆಳೆಯನದು. ನಮ್ಮ ಅತ್ತೆ, "ಮಗೂಗೆ ಗಾಳಿ ಸೋಕಿದೆ, ಅವನ ಹೆಸರೇ ಎತ್ತಬೇಡಿ" ಅನ್ನುತ್ತಾರೆ. ಮೊನ್ನೆ ರಾತ್ರಿ ಮಗ ಕೇಳಿದ: "ಅಮ್ಮ, ಶನಿವಾರ ಔಟ್ ಅಂತ ಜಗಳ ಆಗಿ ನಾನು ಅವನಿಗೆ ಠೂ ಬಿಟ್ಟಿದ್ದೆ. ಸತ್ತೋದ್ಮೇಲೆ ಅದನ್ನ ವಾಪಸ್ ತಗೊಳ್ಳೋಕೆ ಆಗುತ್ತಾ?" ನನಗೆ ಉತ್ತರ ಹೊಳೆಯಲಿಲ್ಲ. ಮಲಗು ಎಂದೆ. ಈಗ ದಸರಾ ರಜೆ. ರಜೆ ಮುಗಿದರೆ ಮತ್ತೆ ಶಾಲೆ. ಗೆಳೆಯನ ಮನೆ ಎರಡೇ ಬೀದಿ ಆಚೆ. ಅವನ ಅಮ್ಮನ ಮುಖ ಹೇಗೆ ನೋಡಲಿ ಎಂದು ನಾನೇ ಆ ದಾರಿ ಬಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಮಗ ಕೇಳಿದ ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಏಳು ವಾರ ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ ಅವನು. ಕೊನೆಗೆ ಕತ್ತಲಲ್ಲಿ, ನಿಮ್ಮ ಪಕ್ಕ ಮಲಗಿ ಕೇಳಿದ್ದಾನೆ. ನೀವು ಉತ್ತರ ಕೊಡಲಿಲ್ಲ ಎಂದು ಕೊರಗಬೇಡಿ. ಅವನು ಕೇಳಿದ ಅನ್ನುವುದೇ ದೊಡ್ಡದು. ಇವತ್ತು ರಾತ್ರಿ ನೀವೇ ಎತ್ತಬಹುದು. "ಮೊನ್ನೆ ನೀನೊಂದು ಕೇಳಿದ್ದೆ, ನಾನು ಸರಿಯಾಗಿ ಹೇಳಲಿಲ್ಲ. ಆಮೇಲೆ ಯೋಚನೆ ಮಾಡಿದೆ" ಎಂದು ಶುರು ಮಾಡಿ. ಮಕ್ಕಳು ಎರಡನೇ ಸಲದ ಉತ್ತರವನ್ನು ಬೇಡ ಅನ್ನುವುದಿಲ್ಲ.

ಆ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಅದನ್ನು ಅವನು ಬಾಯಿಬಿಟ್ಟು ಕೇಳಿಲ್ಲ. ನಾನು ಠೂ ಬಿಟ್ಟಿದ್ದಕ್ಕೇ ಅವನು ಸತ್ತನಾ? ದೊಡ್ಡವರಿಗೆ ಇದು ಹುಚ್ಚು ಯೋಚನೆ ಅನ್ನಿಸುತ್ತದೆ. ಆದರೆ ಮಕ್ಕಳ ಮನಸ್ಸಿನಲ್ಲಿ ಮಾತಿಗೆ ಬಹಳ ಬಲ. ಕೋಪದಲ್ಲಿ ಅಂದಿದ್ದು, ಮನಸ್ಸಿನಲ್ಲೇ ಬಯ್ದುಕೊಂಡಿದ್ದು ನಿಜವಾಗಿಬಿಡುತ್ತದೆ ಎಂದು ಅವರು ಹೆದರುತ್ತಾರೆ. ಸಣ್ಣ ಮಕ್ಕಳಲ್ಲಿ ಇದು ಜಾಸ್ತಿ. ಒಂಬತ್ತು ವರ್ಷದವನಿಗೆ ಹಗಲು ಹೊತ್ತಿನಲ್ಲಿ ಹಾಗಲ್ಲ ಎಂದು ಗೊತ್ತಿರುತ್ತದೆ. ರಾತ್ರಿ ಅದೇ ಭಯ ವಾಪಸ್ ಬರುತ್ತದೆ.

"ಛೇ, ಏನೇನೋ ಯೋಚನೆ ಮಾಡಬೇಡ" ಎಂದರೆ ಈ ಭಯ ಹೋಗುವುದಿಲ್ಲ. ಬಾಯಿ ಮಾತ್ರ ಮುಚ್ಚಿಕೊಳ್ಳುತ್ತದೆ. ಅವನಿಗೆ ಬೇಕಿರುವುದು ಸಾಕ್ಷಿ. ಅದು ನಿಮ್ಮ ಪತ್ರದಲ್ಲೇ ಇದೆ. ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ. ಆಗಸ್ಟ್ ಹಾಳೆ ತೆಗೆಯಿರಿ. ಜಗಳ ಆದ ಶನಿವಾರದ ಮೇಲೆ ಅವನೇ ಬೆರಳಿಡಲಿ. ಗೆಳೆಯನಿಗೆ ಜ್ವರ ಬಂದ ಸೋಮವಾರ ತೋರಿಸಿ. ನಡುವೆ ಎರಡು ದಿನ. ಡೆಂಗಿ ವೈರಸ್ ಇರುವ ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 4ರಿಂದ 10 ದಿನ ಬೇಕು. ಹಾಗಾದರೆ ಸೊಳ್ಳೆ ಕಚ್ಚಿದ್ದು ಯಾವಾಗ? ಅವನೇ ಹಿಂದಕ್ಕೆ ಎಣಿಸಲಿ. ಜಗಳಕ್ಕಿಂತ ಮುಂಚೆಯೇ ಕಚ್ಚಿತ್ತು. ಆ ಶನಿವಾರ ಇಬ್ಬರೂ ಆಡುತ್ತಿದ್ದಾಗಲೇ ರೋಗ ಅವನ ಮೈಯಲ್ಲಿತ್ತು. ಅವನಿಗೂ ಗೊತ್ತಿರಲಿಲ್ಲ, ನಿಮ್ಮ ಮಗನಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಉಪದೇಶದ ಹಾಗೆ ಹೇಳಬೇಡಿ. ಲೆಕ್ಕ ಮಾಡುವ ಹಾಗೆ ಮಾಡಿ. ನಾಲ್ಕನೇ ತರಗತಿಯ ಮಗುವಿಗೆ ಲೆಕ್ಕದ ಮೇಲೆ ನಂಬಿಕೆ ಇರುತ್ತದೆ. ಇನ್ನೂ ಒಂದು ಮಾತು ಸೇರಿಸಿ. ಡೆಂಗಿ ಒಬ್ಬರ ನೀರಿನ ಬಾಟಲಿಯಿಂದ, ಎಂಜಲಿನಿಂದ, ಮುಟ್ಟುವುದರಿಂದ ಹರಡುವುದಿಲ್ಲ. ಒಂದೇ ಬಾಟಲಿಯಲ್ಲಿ ನೀರು ಕುಡಿದ ಗೆಳೆಯರು ಅವರು. "ನನ್ನಿಂದ ಬಂತಾ" ಎಂದೋ "ನನಗೂ ಬಂತಾ" ಎಂದೋ ಅವನು ಯೋಚಿಸದೆ ಇರುವ ಸಾಧ್ಯತೆ ಕಡಿಮೆ.

ಇನ್ನು ರಾಜಿಯ ಮಾತು. ಇಲ್ಲಿ ನೀವು ಆತುರಪಡಬೇಡಿ. "ಅವನು ಯಾವತ್ತೋ ಕ್ಷಮಿಸಿಬಿಟ್ಟಿದ್ದಾನೆ ಬಿಡು" ಎಂದು ಸತ್ತ ಮಗುವಿನ ಪರವಾಗಿ ನೀವೇ ಉತ್ತರ ಕೊಟ್ಟರೆ, ನಿಮಗೆ ಹೇಗೆ ಗೊತ್ತು ಎಂದು ಅವನಿಗೆ ಅನ್ನಿಸುತ್ತದೆ. ಬದಲಿಗೆ ಕೇಳಿ. "ಇದಕ್ಕೆ ಮುಂಚೆ ಎಷ್ಟು ಸಲ ಠೂ ಬಿಟ್ಟಿದ್ರಿ?" ನಾಲ್ಕು ವರ್ಷದ ಗೆಳೆತನ. ಹತ್ತು ಸಲವೋ ಇಪ್ಪತ್ತು ಸಲವೋ ಬಿಟ್ಟಿರುತ್ತಾರೆ. "ಆಮೇಲೆ ಯಾರು ಮೊದಲು ಮಾತಾಡಿಸ್ತಿದ್ದು? ಎಷ್ಟು ದಿನಕ್ಕೆ ಸರಿ ಆಗ್ತಿತ್ತು?" ಅವನು ಹೇಳುತ್ತಾ ಹೋಗಲಿ. ರಬ್ಬರಿಗೆ ಜಗಳ, ಕಿಟಕಿ ಪಕ್ಕದ ಜಾಗಕ್ಕೆ ಜಗಳ, ಮಾರನೇ ದಿನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿರುವುದು. ಇದೆಲ್ಲ ಹೇಳಿಯಾದ ಮೇಲೆ ಒಂದೇ ಒಂದು ಕೇಳಿ: "ಅವನಿಗೆ ಜ್ವರ ಬರದೇ ಇದ್ದಿದ್ರೆ, ಸೋಮವಾರ ಏನಾಗ್ತಿತ್ತು?" ಉತ್ತರ ಅವನಿಗೆ ಗೊತ್ತು. ಅದು ಅವನ ಬಾಯಿಂದಲೇ ಬರಬೇಕು.

ಅವನಿಗೆ ಇಷ್ಟವಿದ್ದರೆ ಒಂದು ಕಾಗದ ಬರೆಯಲಿ. ಔಟ್ ಹೌದೋ ಅಲ್ಲವೋ ಅನ್ನುವುದನ್ನೂ ಬರೆಯಲಿ. ಆ ಬಾಲನ್ನು ಕೈಯಲ್ಲಿ ಹಿಡಿದು ಜೋರಾಗಿ ಹೇಳಲಿ. ಠೂ ಬಿಟ್ಟಿದ್ದನ್ನು ವಾಪಸ್ ತಗೊಳ್ಳೋಕೆ ಆಗುತ್ತಾ ಎಂದು ಅವನು ಮತ್ತೆ ಕೇಳಿದರೆ, ಆಗುತ್ತೆ ಅನ್ನಿ. ಠೂ ಬಿಟ್ಟವನು ನಿಮ್ಮ ಮಗ. ಅದನ್ನು ವಾಪಸ್ ತಗೊಳ್ಳಲು ಅವನೊಬ್ಬ ಸಾಕು.

ಬರೆದಿದ್ದನ್ನು ನೀವು ಓದಲೇಬೇಕು ಅಂತೇನಿಲ್ಲ. ಅವನು ತೋರಿಸಿದರೆ ಓದಿ. ಬರೆಯುವುದೇ ಬೇಡ ಎಂದರೆ ಬಿಟ್ಟುಬಿಡಿ.

ಈಗ ನೀವು ಹೇಳಿದ ಸುಳ್ಳಿನ ವಿಷಯ. ಇದನ್ನು ಬರೆಯುವಾಗ ನಿಮ್ಮ ಕೈ ನಡುಗಿರಬಹುದು ಅನ್ನಿಸಿತು. ಮಗುವಿಗೆ ನೋವಾಗಬಾರದು ಎಂದೇ ಎಲ್ಲ ಅಪ್ಪ ಅಮ್ಮ ಹೀಗೆ ಮಾಡುವುದು. ಆದರೆ ಅವನು ಸುದ್ದಿ ಕೇಳಿದ್ದು ಶಾಲೆಯಲ್ಲಿ, ಎಲ್ಲರ ಮುಂದೆ, ನೀವು ಪಕ್ಕದಲ್ಲಿ ಇಲ್ಲದಾಗ. ಅದರ ಜೊತೆಗೆ ಇನ್ನೊಂದೂ ಗೊತ್ತಾಯಿತು: ಮನೆಯಲ್ಲಿ ನಿಜ ಹೇಳಿರಲಿಲ್ಲ. ಅಪ್ಪ ಹೊರಟರೆ ಬಿಡದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. "ಸಾಯಂಕಾಲ ಬರ್ತೀನಿ" ಅನ್ನುವ ಮಾತನ್ನು ಹೇಗೆ ನಂಬಲಿ? ಅದಕ್ಕೆ ಅವನ ಹತ್ತಿರ ಕ್ಷಮೆ ಕೇಳಿ. ಉದ್ದ ವಿವರಣೆ ಬೇಡ. "ಅವನು ಸತ್ತೋಗಿದ್ದಾನೆ ಅಂತ ನಮಗೆ ಗೊತ್ತಿತ್ತು. ನಿನಗೆ ಹೇಗೆ ಹೇಳೋದು ಅಂತ ಗೊತ್ತಾಗದೆ ಸುಳ್ಳು ಹೇಳಿದ್ವಿ. ತಪ್ಪಾಯ್ತು. ಇನ್ಮೇಲೆ ಇಂಥದ್ದನ್ನೆಲ್ಲ ನಿನಗೆ ನಾವೇ ಹೇಳ್ತೀವಿ." ಇಷ್ಟೇ ಸಾಕು. ಆಮೇಲೆ ಆ ಮಾತು ಉಳಿಸಿಕೊಳ್ಳಿ.

'ಸತ್ತೋಗಿದ್ದಾನೆ' ಎಂದು ಬೇಕೆಂದೇ ಬರೆದೆ. ನಮ್ಮ ಬಾಯಿಗೆ ಆ ಮಾತು ಬರುವುದು ಕಷ್ಟ. ಹೋಗಿಬಿಟ್ಟ, ತೀರಿಕೊಂಡ, ಶಿವನ ಪಾದ ಸೇರಿದ, ದೇವರ ಹತ್ತಿರ ಹೋದ ಅನ್ನುತ್ತೇವೆ. ನಮಗೆ ಇದೆಲ್ಲದರ ಅರ್ಥ ಗೊತ್ತು. ಮಗುವಿಗೆ 'ಹೋದ' ಅಂದರೆ ಹೋದ ಅಂತಲೇ ಅರ್ಥ. ಎಲ್ಲಿಗೆ ಹೋದ, ಯಾವಾಗ ಬರ್ತಾನೆ? ಮನೆಯಿಂದ ಹೊರಡುವಾಗ ನಾವು ಯಾರೂ 'ಹೋಗ್ತೀನಿ' ಅನ್ನುವುದಿಲ್ಲ, 'ಹೋಗಿ ಬರ್ತೀನಿ' ಅನ್ನುತ್ತೇವೆ, ಅಲ್ವಾ? ಯಾಕೆ ಹಾಗೆ ಎಂದು ಮಕ್ಕಳಿಗೂ ಚೆನ್ನಾಗಿ ಗೊತ್ತು. "ಮಲಗಿದ್ದಾನೆ" ಎಂದರೆ ಕೆಲವು ಮಕ್ಕಳಿಗೆ ನಿದ್ದೆಯೇ ಭಯವಾಗುತ್ತದೆ. "ಒಳ್ಳೆಯವರನ್ನ ದೇವರು ಬೇಗ ಕರ್ಕೊಳ್ತಾನೆ" ಅನ್ನುವುದು ಎಲ್ಲಕ್ಕಿಂತ ಕಷ್ಟದ ಮಾತು. ಒಳ್ಳೆಯ ಹುಡುಗನಾಗಿದ್ದರೆ ಸಾಯಬೇಕಾಗುತ್ತದೆ ಎಂದು ಮಗು ತಿಳಿದುಕೊಳ್ಳುತ್ತದೆ. ನಿಮ್ಮ ಮನೆಯ ನಂಬಿಕೆ ಏನಿದೆಯೋ ಅದನ್ನು ಖಂಡಿತ ಹೇಳಿ. ಸ್ವರ್ಗ, ದೇವರು, ಮರುಹುಟ್ಟು, ಯಾವುದಾದರೂ ಸರಿ. ಆದರೆ ಮೊದಲು ಮೈಯ ವಿಷಯ ಹೇಳಿ: ಅವನ ಉಸಿರು ನಿಂತಿತು, ಎದೆಬಡಿತ ನಿಂತಿತು, ಅವನಿಗೆ ಈಗ ನೋವಾಗಲ್ಲ, ಹಸಿವಾಗಲ್ಲ, ಅವನು ವಾಪಸ್ ಬರಲ್ಲ. ನಂಬಿಕೆಯ ಮಾತು ಆಮೇಲೆ.

ಒಂಬತ್ತು ವರ್ಷದವನಿಗೆ ಇದು ಅರ್ಥವಾಗುತ್ತದಾ ಎಂದರೆ, ಆಗುತ್ತದೆ. 1948ರಲ್ಲಿ ಮರಿಯಾ ನ್ಯಾಗಿ ಎಂಬ ಮನಶ್ಶಾಸ್ತ್ರಜ್ಞೆ ಹಂಗೆರಿಯ ಮಕ್ಕಳ ಜೊತೆ ಸಾವಿನ ಬಗ್ಗೆ ಮಾತಾಡಿ ಬರೆದಿದ್ದರು. ಐದರಿಂದ ಒಂಬತ್ತು ವರ್ಷದ ಅನೇಕ ಮಕ್ಕಳಿಗೆ ಸಾವು ಒಬ್ಬ ಮನುಷ್ಯನ ಹಾಗೆ, ಬಂದು ಎತ್ತಿಕೊಂಡು ಹೋಗುವವನ ಹಾಗೆ ಕಾಣುತ್ತಿತ್ತು. ಅಲ್ಲಿಂದ ಮುಂದೆ, ಇದು ಮೈಗೆ ಆಗುವಂಥದ್ದು, ಎಲ್ಲರಿಗೂ ಆಗುವಂಥದ್ದು ಎಂದು ಗೊತ್ತಾಗುತ್ತಾ ಹೋಗುತ್ತದೆ. ನಮ್ಮ ಮಕ್ಕಳಿಗಂತೂ ಆ ಚಿತ್ರ ಮೊದಲೇ ಸಿದ್ಧವಾಗಿದೆ. ಕೋಣದ ಮೇಲೆ ಕೂತ ಯಮ, ಕೈಯಲ್ಲಿ ಹಗ್ಗ. ನಿಮ್ಮ ಮಗ ಈ ಎರಡರ ನಡುವೆ ಇದ್ದಾನೆ. ವೈರಸ್ ಅಂದರೂ ಅರ್ಥವಾಗುತ್ತದೆ, ಕತ್ತಲಾದರೆ ಯಮನೂ ಬರುತ್ತಾನೆ. ಒಂದೇ ಪ್ರಶ್ನೆಯನ್ನು ಐದು ಸಲ ಕೇಳಬಹುದು. ಐದು ಸಲವೂ ಒಂದೇ ಉತ್ತರ ಕೊಡಿ. ಉತ್ತರ ಬದಲಾಗಿಲ್ಲ ತಾನೇ ಎಂದು ನೋಡಿಕೊಳ್ಳುತ್ತಿರುತ್ತಾನೆ.

ನಿಮ್ಮ ಅತ್ತೆಯವರ ಬಗ್ಗೆ ಬರೆಯಲೇಬೇಕು. ಅವರಿಗೂ ಮೊಮ್ಮಗನ ಚಿಂತೆ. ದೃಷ್ಟಿ ತೆಗೆಯಲಿ, ತಾಯತ ಕಟ್ಟಲಿ. ಅಜ್ಜಿ ತಲೆ ಸವರಿ ಮಂತ್ರಿಸಿದರೆ ಮಗುವಿಗೆ ಹಿತವೇ ಆಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ 'ಗಾಳಿ ಸೋಕಿದೆ' ಅನ್ನುವ ಮಾತು ಮಾತ್ರ ಅವನ ಕಿವಿಗೆ ಬೀಳಬಾರದು. ಯೋಚನೆ ಮಾಡಿ, ಆ ಮಾತು ಏನು ಹೇಳುತ್ತದೆ? ನಿನ್ನ ಗೆಳೆಯ ಈಗ ದೆವ್ವ, ನಿನ್ನನ್ನು ಹಿಡಿದಿದ್ದಾನೆ. ಅದೂ ತಾನು ಠೂ ಬಿಟ್ಟಿದ್ದ ಗೆಳೆಯ. ಇಂಥ ಮಗುವಿಗೆ ಇದಕ್ಕಿಂತ ದೊಡ್ಡ ಭಯ ಬೇರೆ ಬೇಕಾ? ಅತ್ತೆಗೆ ಒಂದು ಕೆಲಸ ಕೊಡಿ. ಅವರ ಬಾಲ್ಯದಲ್ಲಿ ತೀರಿಹೋದ ತಮ್ಮನೋ ಗೆಳತಿಯೋ ಇದ್ದೇ ಇರುತ್ತಾರೆ. ಆಗಿನ ಕಾಲದಲ್ಲಿ ಮಕ್ಕಳನ್ನು ಕಳೆದುಕೊಳ್ಳದ ಮನೆ ಕಡಿಮೆ. ಅವರ ಕಥೆಯನ್ನು ಮೊಮ್ಮಗನಿಗೆ ಹೇಳಲಿ. ಹೆಸರೆತ್ತಬೇಡಿ ಎಂದ ಅಜ್ಜಿಯೇ ಒಂದು ಹೆಸರೆತ್ತಿದರೆ, ಆ ಮನೆಯಲ್ಲಿ ಮಾತಿಗೆ ದಾರಿಯಾಗುತ್ತದೆ.

ಹೆಸರೆತ್ತದೆ ಇರುವುದು ಏನು ಮಾಡುತ್ತದೆ ಎಂದು ನನಗೆ ಗೊತ್ತು. ನನಗೆ ಎಂಟು ವರ್ಷವಿದ್ದಾಗ ಪಕ್ಕದ ಮನೆಯ ಗೆಳತಿ ಕೆರೆಯಲ್ಲಿ ಮುಳುಗಿ ಹೋದಳು. ಅವತ್ತು ನಮ್ಮನ್ನೆಲ್ಲ ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಹೊರಗೆ ಜನ ಓಡಾಡುವ ಸದ್ದು ಕೇಳುತ್ತಿತ್ತು. ಸಾಯಂಕಾಲ ಬಾಗಿಲು ತೆಗೆದಾಗ ಎಲ್ಲ ಮುಗಿದಿತ್ತು. ಆಮೇಲೆ ಯಾರೂ ಅವಳ ಹೆಸರು ಹೇಳಲಿಲ್ಲ. ಕುಂಟೆಬಿಲ್ಲೆ ಆಡುವಾಗ ಅವಳ ಸರದಿಯನ್ನೂ ನಾನೇ ಆಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಯ್ಯುತ್ತಾರೆ ಅಂದುಕೊಂಡಿದ್ದೆ. ದುಃಖದಲ್ಲಿರುವ ಮಕ್ಕಳ ಜೊತೆ ಮಾತಾಡುವ ಈ ಕೆಲಸಕ್ಕೆ ಬಂದ ಎಷ್ಟೋ ವರ್ಷದ ಮೇಲೆ ಅದು ದುಃಖ ಅಂತ ಗೊತ್ತಾಯಿತು.

ನಮ್ಮಲ್ಲಿ ಮನೆಯವರು ತೀರಿಹೋದರೆ ಸೂತಕ ಇದೆ, ಹನ್ನೊಂದನೇ ದಿನ ಇದೆ, ತಿಥಿ ಇದೆ. ಅಳುವುದಕ್ಕೆ ದಿನ ಇದೆ, ಬಂದು ಮಾತಾಡಿಸುವವರು ಇದ್ದಾರೆ. ಗೆಳೆಯನಿಗೆ ಸೂತಕ ಇಲ್ಲ. ಮಾರನೇ ದಿನ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ಶಾಲೆಗೆ ಕಳಿಸುತ್ತೇವೆ. ಜನ ಬಂದು ಮಾತಾಡಿಸುವುದು ಆ ಮಗುವಿನ ಅಪ್ಪ ಅಮ್ಮನನ್ನು. ಅದು ಸರಿಯೇ. ಆದರೆ ದಿನಕ್ಕೆ ಆರು ಗಂಟೆ ಭುಜಕ್ಕೆ ಭುಜ ತಾಗಿಸಿ ಕೂತವನನ್ನು ಯಾರೂ ಮಾತಾಡಿಸುವುದಿಲ್ಲ. ಹೀಗೆ ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲಿ ವಿವರವಾಗಿ ಬರೆದರು. ನನ್ನ ಹತ್ತಿರ ಬರುವ ಮಕ್ಕಳಲ್ಲಿ ನಾನು ಕಾಣುವುದೂ ಅದನ್ನೇ. ಸಾವಿನ ನೋವು ಒಂದು ಕಡೆ. "ನನಗೂ ಅವನು ಬೇಕಾಗಿದ್ದ ಅಂತ ಯಾರಿಗೂ ಗೊತ್ತೇ ಇಲ್ಲ" ಅನ್ನುವ ನೋವು ಇನ್ನೊಂದು ಕಡೆ. ಮೊದಲನೆಯದನ್ನು ನಾವು ತೆಗೆಯಲಾರೆವು. ಎರಡನೆಯದನ್ನು ಇವತ್ತೇ ತೆಗೆಯಬಹುದು.

ಅದಕ್ಕೆ ಮನೆಯಲ್ಲೇ ಅವನಿಗೊಂದು ದಿನ ಮಾಡಿಕೊಡಿ. ಮಣ್ಣಿಗೆ ಕರೆದುಕೊಂಡು ಹೋಗಲಿಲ್ಲ ಎಂದು ಬರೆದಿದ್ದೀರಿ. ಹೋಗಿದ್ದರೆ ಒಳ್ಳೆಯದಿತ್ತು, ನಿಜ. ಏನು ನೋಡುತ್ತೀಯ ಎಂದು ಮೊದಲೇ ಹೇಳಿ, ಬೇಡ ಅನ್ನಿಸಿದರೆ ವಾಪಸ್ ಬರೋಣ ಎಂದು ಕೈ ಹಿಡಿದುಕೊಂಡು ಹೋದರೆ ಈ ವಯಸ್ಸಿನ ಮಕ್ಕಳು ತಡೆದುಕೊಳ್ಳುತ್ತಾರೆ. ಆದರೆ ಕಾಲ ಮೀರಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯಾದರೆ, ಮುಂದಿನ ವರ್ಷ ಪಕ್ಕದಲ್ಲಿ ಒಂದು ಪುಟ್ಟ ಎಲೆ ಹಾಕಿ, ಆ ಹುಡುಗನಿಗೆ ಇಷ್ಟವಾದ ತಿಂಡಿ ಬಡಿಸಲಿ. ಅದಕ್ಕೆ ಮುಂಚೆ ಅವನ ಹುಟ್ಟುಹಬ್ಬ ಬರುತ್ತದೆ. ಅವತ್ತು ಒಂದು ಗಿಡ ನೆಡಬಹುದು. ಏನು ಮಾಡಬೇಕು ಅನ್ನುವುದು ಮಗನ ಆಯ್ಕೆ. ನಿಮ್ಮ ಕೆಲಸ ಪಕ್ಕದಲ್ಲಿ ನಿಲ್ಲುವುದು.

ಆಟದ ವಿಷಯಕ್ಕೆ ಬರುತ್ತೇನೆ. ಅವನು ನಗುವುದು, ಆಡುವುದು ನೋಡಿ ನಿಮಗೆ ಗೊಂದಲವಾಗಿದೆ. ಮಕ್ಕಳ ದುಃಖ ಹಾಗೆಯೇ. ಮಳೆಗಾಲದಲ್ಲಿ ದಾರಿಯ ಹೊಂಡಕ್ಕೆ ಕಾಲಿಟ್ಟು ಹೊರಗೆ ಹಾರುತ್ತಾರಲ್ಲ, ಹಾಗೆ. ಒಂದು ಗಳಿಗೆ ದುಃಖದೊಳಗೆ, ಮರುಗಳಿಗೆ ಆಟದಲ್ಲಿ. ಅಷ್ಟು ಹೊತ್ತಿಗಿಂತ ಜಾಸ್ತಿ ಅಲ್ಲಿ ನಿಲ್ಲಲು ಅವರಿಗೆ ಆಗುವುದಿಲ್ಲ. ಆಡುವಾಗ "ನೋಡು, ಮರೆತೇಬಿಟ್ಟ" ಎಂದು ಯಾರೂ ಅನ್ನದಿರಲಿ. ಅಳುವಾಗ "ಗಂಡು ಹುಡುಗ ಅಳ್ತಾನಾ" ಅನ್ನುವುದೂ ಬೇಡ. ಇನ್ನೊಂದು. ಮೊದಲು ನಿರಾಕರಣೆ, ಆಮೇಲೆ ಕೋಪ ಎಂದು ದುಃಖಕ್ಕೆ ಐದು ಮೆಟ್ಟಿಲು ಹೇಳುವ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದಿದ್ದು ಅದು. ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ ಬರೆದಿದ್ದು, ಗೆಳೆಯನನ್ನು ಕಳೆದುಕೊಂಡ ಮಕ್ಕಳ ಜೊತೆ ಅಲ್ಲ. ನಿಮ್ಮ ಮಗ ಯಾವ ಮೆಟ್ಟಿಲಲ್ಲಿದ್ದಾನೆ ಎಂದು ಹುಡುಕಬೇಡಿ.

ಹೊಟ್ಟೆನೋವು ನಾಟಕ ಅಲ್ಲ. ದುಃಖ ಮಕ್ಕಳ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ಸಲ ಡಾಕ್ಟರಿಗೆ ತೋರಿಸಿ, ಬೇರೇನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹಣೆ ಮುಟ್ಟಿಕೊಳ್ಳುವ ಅಭ್ಯಾಸಕ್ಕೆ ಬೇರೆ ದಾರಿ ಬೇಕು. "ನಿನಗೇನೂ ಆಗಲ್ಲ" ಎಂದರೆ ಅವನು ನಂಬುವುದಿಲ್ಲ. ಗೆಳೆಯನಿಗೂ ಯಾರೋ ಹಾಗೇ ಹೇಳಿರುತ್ತಾರೆ. ನಿಜ ಹೇಳಿ. ಎಲ್ಲ ಜ್ವರವೂ ಡೆಂಗಿ ಅಲ್ಲ. ಡೆಂಗಿ ಬಂದವರಲ್ಲಿ ಬಹುಪಾಲು ಜನ ಗುಣವಾಗುತ್ತಾರೆ. ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗುತ್ತೇವೆ. ಹಣೆ ನೋಡುವ ಕೆಲಸ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಅಮ್ಮನದು ಎಂದು ಮಾತಾಡಿಕೊಳ್ಳಿ.

ಜೊತೆಗೆ ಅವನ ಕೈಗೆ ಒಂದು ಕೆಲಸ ಕೊಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಉಜ್ಜಿ ಒಣಗಿಸಬೇಕು ಅನ್ನುವುದು. ಕರ್ನಾಟಕದಲ್ಲಿ ಸರ್ಕಾರವೇ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತ್ತು. ವಾರದಲ್ಲಿ ಒಂದು ದಿನ ಅವನು, ಅಪ್ಪ ಇಬ್ಬರೂ ಸೇರಿ ಹೂಕುಂಡದ ತಟ್ಟೆ, ಹಳೇ ಟೈರು, ಹಿತ್ತಿಲ ತೆಂಗಿನ ಚಿಪ್ಪು ಎಲ್ಲ ಹುಡುಕಿ ನೀರು ಚೆಲ್ಲಲಿ. ಗೆಳೆಯನನ್ನು ಕೊಂದ ಸೊಳ್ಳೆಯ ವಿರುದ್ಧ ತಾನು ಏನೋ ಮಾಡುತ್ತಿದ್ದೇನೆ ಅನ್ನುವುದು ಅವನಿಗೆ ಬಹಳ ಮುಖ್ಯ. ಆದರೆ ಅದು ಆ ಒಂದು ದಿನಕ್ಕೆ ಇರಲಿ. ದಿನವಿಡೀ ಕಾವಲು ಕಾಯುವುದು ಬೇಡ.

ಅಪ್ಪ ಹೊರಡುವಾಗ ಬರುವ ಸಮಯ ಹೇಳಿ ಹೋಗಲಿ. ತಡವಾದರೆ ಫೋನ್ ಮಾಡಲಿ. "ನೀವೂ ಸಾಯ್ತೀರಾ?" ಎಂದು ಅವನು ಕೇಳಬಹುದು. "ನಾವು ತುಂಬಾ ವರ್ಷ ಇರ್ತೀವಿ ಅಂದ್ಕೊಂಡಿದ್ದೀವಿ. ಏನೇ ಆದ್ರೂ ನಿನ್ನ ನೋಡ್ಕೊಳ್ಳೋರು ಇದ್ದೇ ಇರ್ತಾರೆ" ಎಂದು ಹೇಳಿ. ಯಾರು ಎಂದು ಹೆಸರು ಹಿಡಿದು ಹೇಳಿ. ಅಜ್ಜಿ, ಚಿಕ್ಕಮ್ಮ, ಮಾವ. ಅವನು ಲೆಕ್ಕ ಹಾಕಿಕೊಳ್ಳುತ್ತಾನೆ.

ಶಾಲೆ ಶುರುವಾಗುವ ಮೊದಲೇ ಅವನ ಟೀಚರನ್ನು ಒಮ್ಮೆ ನೋಡಿ. ಮೂರೇ ದಿನದೊಳಗೆ ಆ ಜಾಗಕ್ಕೆ ಬೇರೆ ಹುಡುಗನನ್ನು ಕೂರಿಸಿದ್ದು ನನಗೆ ಬೇಸರವಾಯಿತು. ಖಾಲಿ ಜಾಗ ಕಂಡರೆ ಮಕ್ಕಳು ಅಳುತ್ತಾರೆ ಎಂದು ಹಾಗೆ ಮಾಡಿರುತ್ತಾರೆ. ಆದರೆ ಮಕ್ಕಳಿಗೆ ಕಾಣುವುದು ಬೇರೆ. ಸತ್ತರೆ ನಿನ್ನ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಹಾಜರಿಯಲ್ಲಿ ನಿನ್ನ ಹೆಸರು ಬಿಟ್ಟು ಮುಂದೆ ಹೋಗುತ್ತಾರೆ, ಅಷ್ಟೇ. ಈಗಲೂ ಒಂದು ಪೀರಿಯಡ್ ಬಿಟ್ಟುಕೊಟ್ಟು ತರಗತಿಯ ಮಕ್ಕಳಿಂದ ಆ ಹುಡುಗನ ಬಗ್ಗೆ ಮಾತಾಡಿಸಬಹುದು. ಚಿತ್ರ ಬರೆಸಬಹುದು. ಅವನ ಅಪ್ಪ ಅಮ್ಮನಿಗೆ ಕೊಡಲು ಎಲ್ಲರೂ ಒಂದೊಂದು ಹಾಳೆ ಬರೆದು ಪುಸ್ತಕ ಮಾಡಬಹುದು. ಯಾರ ಪಕ್ಕ ಕೂರುತ್ತೀಯ ಎಂದು ನಿಮ್ಮ ಮಗನನ್ನೇ ಕೇಳಲಿ. ಅಳು ಬಂದರೆ ಕಾರಣ ಹೇಳದೆ ಎದ್ದು ಹೋಗಲು ಒಂದು ಜಾಗ ಇರಲಿ, ಒಂದು ಸನ್ನೆ ಇರಲಿ. ಬೆಳಿಗ್ಗೆಯ ಹೊಟ್ಟೆನೋವು ಇದರಿಂದಲೇ ಅರ್ಧ ಇಳಿಯಬಹುದು. ಹೊಸ ಗೆಳೆಯನನ್ನು ಹುಡುಕಿಕೊಡುವ ಕೆಲಸ ಮಾತ್ರ ಯಾರೂ ಮಾಡಬೇಡಿ.

ಯಾವಾಗ ಚಿಂತೆ ಮಾಡಬೇಕು? ಏಳು ವಾರಕ್ಕೆ ನೀವು ಬರೆದಿರುವುದು ಯಾವುದೂ ರೋಗವಲ್ಲ. ದುಃಖ ಕಡಿಮೆಯಾಗದೆ, ಹೆಚ್ಚುಕಡಿಮೆ ಪ್ರತಿದಿನವೂ ಅದೇ ತೀವ್ರತೆಯಲ್ಲಿ ಉಳಿದು ಊಟ, ನಿದ್ದೆ, ಓದು, ಆಟ ಎಲ್ಲ ಕೆಡಿಸಿದರೆ ಅದನ್ನು ಬೇರೆಯಾಗಿ ನೋಡಬೇಕು. ವೈದ್ಯರು ಮಕ್ಕಳಲ್ಲಿ ಅದಕ್ಕೆ 6 ತಿಂಗಳು ಎಂದು ಗಡಿ ಇಟ್ಟುಕೊಳ್ಳುತ್ತಾರೆ. ಆದರೆ ಸಹಾಯ ಕೇಳಲು ಆರು ತಿಂಗಳು ಕಾಯಬೇಕಿಲ್ಲ. ತೂಕ ಇಳಿಯುತ್ತಿದ್ದರೆ, ನಿದ್ದೆಯೇ ಬರದಿದ್ದರೆ, ಶಾಲೆಗೆ ಹೋಗುವುದೇ ನಿಂತುಹೋದರೆ ಕರೆದುಕೊಂಡು ಹೋಗಿ. "ನಾನೂ ಅವನ ಹತ್ತಿರ ಹೋಗ್ತೀನಿ" ಎಂದು ಅವನು ಅಂದರೆ ಗಾಬರಿಯಾಗಿ ಬಯ್ಯಬೇಡಿ, ಕೇಳದ ಹಾಗೆಯೂ ಇರಬೇಡಿ. ಬಹಳ ಸಲ ಅದರ ಅರ್ಥ, ಅವನನ್ನು ನೋಡಬೇಕು ಅನ್ನಿಸುತ್ತಿದೆ ಎಂದಷ್ಟೇ. ಆದರೂ ನೇರವಾಗಿ ಕೇಳಿ: "ನಿನಗೆ ಸಾಯಬೇಕು ಅನ್ನಿಸುತ್ತಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ಸಹಾಯ ಪಡೆಯಿರಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ನೀವೇ ನಿಮ್ಮ ಸಲುವಾಗಿ ಕರೆ ಮಾಡಿದರೂ ಆಗುತ್ತದೆ. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ.

ಕೊನೆಗೆ, ಎರಡು ಬೀದಿ ಆಚೆಯ ಮನೆ. ಮೊದಲು ನೀವೊಬ್ಬರೇ ಹೋಗಿ. ಫೋನ್ ಮಾಡಿ, ಬರಬಹುದಾ ಎಂದು ಕೇಳಿ ಹೋಗಿ. ಏಳು ವಾರ ಬರದೇ ಇದ್ದಿದ್ದಕ್ಕೆ ನೆಪ ಹುಡುಕಬೇಡಿ. "ಬರೋಕೆ ಧೈರ್ಯ ಇರಲಿಲ್ಲ" ಎಂದರೆ ಆ ತಾಯಿಗೆ ಅರ್ಥವಾಗುತ್ತದೆ. ನಿಮ್ಮ ಮಗನನ್ನು ನೋಡಿದರೆ ಅವರಿಗೆ ನೋವು ಜಾಸ್ತಿಯಾಗುತ್ತದಾ ಎಂಬ ಭಯ ನಿಮಗಿದೆ. ಅವರ ನೋವು ನಿಮ್ಮ ಮಗ ಬಂದರೂ ಇರುತ್ತದೆ, ಬಾರದಿದ್ದರೂ ಇರುತ್ತದೆ. ಮಗುವನ್ನು ಕಳೆದುಕೊಂಡ ಅನೇಕ ತಾಯಂದಿರು ನನಗೆ ಹೇಳಿದ್ದು ಬೇರೆಯೇ. ಅವರ ಮಗುವಿನ ಹೆಸರನ್ನು ಎಲ್ಲರೂ ಮರೆತುಬಿಡುತ್ತಾರೇನೋ ಎಂಬ ಭಯ ಅವರಿಗೆ. ನಿಮ್ಮ ಮಗನ ಹತ್ತಿರ ಅವರು ಕೇಳಿರದ ನೂರು ಕಥೆಗಳಿವೆ. ಬೆಂಚಿನ ಕಥೆ, ಊಟದ ಡಬ್ಬಿಯ ಕಥೆ. ಅವನು ಬರಬಹುದಾ ಎಂದು ಕೇಳಿ. ಈಗ ಬೇಡ ಎಂದರೆ ಬೇಡ. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಬಹುದು.

ಬರಲಿ ಎಂದರೆ ಮಗನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಗೋಡೆಯಲ್ಲಿ ಅವನ ಫೋಟೋ ಇರುತ್ತದೆ, ಹಾರ ಹಾಕಿರುತ್ತಾರೆ. ಆಂಟಿ ನಿನ್ನನ್ನು ತಬ್ಬಿಕೊಂಡು ಅಳಬಹುದು. ಅದು ನೀನು ಏನೋ ತಪ್ಪು ಮಾಡಿದ್ದಕ್ಕಲ್ಲ. ನಿನಗೆ ಹೊರಡಬೇಕು ಅನ್ನಿಸಿದರೆ "ಅಮ್ಮ, ನೀರು ಬೇಕು" ಅನ್ನು, ತಕ್ಷಣ ಎದ್ದು ಬರೋಣ. ಬಾಲನ್ನು ಜೇಬಲ್ಲಿ ಇಟ್ಟುಕೊಂಡು ಬರುವುದಾದರೆ ಬರಲಿ. ಅದನ್ನು ಕೊಟ್ಟು ಬರುತ್ತಾನೋ, ತೋರಿಸಿ ವಾಪಸ್ ತರುತ್ತಾನೋ, ಜೇಬಿಂದ ತೆಗೆಯುವುದೇ ಇಲ್ಲವೋ, ಅಲ್ಲಿ ಹೋದ ಮೇಲೆ ಅವನಿಗೇ ಗೊತ್ತಾಗುತ್ತದೆ. ನೀವು ಏನೂ ಹೇಳಬೇಡಿ.